ಬೂಸಾ ಅಂಗಡಿಗೊಬ್ಬ ಪದವೀಧರ

ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯನ್ನು ಕಂಡವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಮುಂದೇನು?” ಇದಕ್ಕೆ ನಮ್ಮಲ್ಲಿ ಒಪ್ಪಿತವಾದ ಉತ್ತರಗಳು ಮೂರೋ ನಾಲ್ಕೋ ಇವೆ. ಬಿ.ಎಡ್. ಎನ್ನಬಹುದು, ಎಂ.ಎ. ಎನ್ನಬಹುದು, ಕೆ.ಪಿ.ಎಸ್.ಸಿ. ಪರೀಕ್ಷೆಗೆ ಓದುತ್ತಿದ್ದೇನೆ ಎಂದರಂತೂ ಕೇಳಿದವರ ಮುಖ ಅರಳುತ್ತದೆ. ನಾನು ಇದಾವುದನ್ನೂ ಹೇಳದೆ, “ನಮ್ಮ ಹೋಬಳಿಯ ಸಂತೆಬೀದಿಯಲ್ಲಿ ಪಶು ಆಹಾರದ ಅಂಗಡಿ ಇಡಬೇಕೆಂದಿದ್ದೇನೆ” ಎಂದೆ. ಗೆಳೆಯರು ನಕ್ಕರು. ಅಂದಿನಿಂದ ವಿದ್ಯಾರ್ಥಿನಿಲಯದಲ್ಲಿ ನನಗೆ ‘ಬೂಸಾ ಪಂಡಿತ’ ಎಂಬ ಬಿರುದು ಪ್ರಾಪ್ತವಾಗಿದೆ. ಬಿರುದಿಗೆ ತಕ್ಕ ಯೋಗ್ಯತೆಯನ್ನು ಸಂಪಾದಿಸಿಕೊಳ್ಳುವ ಸಲುವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

‘ಬೂಸಾ’ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಒಂದು ಇತಿಹಾಸವೇ ಇದೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಕಾಲೇಜುಗಳಲ್ಲಿ ಗಲಭೆಯೆದ್ದಿತು, ಕಡೆಗೆ ಅವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು. ಆ ವಿವಾದ ಎತ್ತಿದ ಪ್ರಶ್ನೆಗಳಿಂದ ನಾಡಿನ ದಲಿತ ಚಳವಳಿಗೆ ಬಲ ಬಂದಿತೆಂಬುದನ್ನು ಗುರುಗಳು ತರಗತಿಯಲ್ಲಿ ವಿವರಿಸಿದ್ದಾರೆ. ಆ ದೊಡ್ಡ ವಿಷಯವನ್ನು ವಿವೇಚಿಸುವಷ್ಟು ನಾನು ಸಮರ್ಥನಲ್ಲ. ಆದರೆ ಆಡಿದವರೂ ಕೆರಳಿದವರೂ ಒಂದು ಮಾತಿನಲ್ಲಿ ಒಮ್ಮತದಿಂದಿದ್ದಂತೆ ತೋರುತ್ತದೆ: ಬೂಸಾ ಎಂದರೆ ಸಾರವಿಲ್ಲದ್ದು. ಹಸುವಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ! ಗೋಧಿ ಬೂಸಾದಲ್ಲಿ ನೂರಕ್ಕೆ ಸುಮಾರು 15 ಪಾಲು ಸಸಾರಜನಕ, ಅಂದರೆ ಪ್ರೋಟೀನು, ಇರುತ್ತದೆ. ನಾವು ತಿನ್ನುವ ಮೈದಾಹಿಟ್ಟಿನಲ್ಲಿ ಅದು ಹತ್ತು ಹನ್ನೊಂದನ್ನು ದಾಟುವುದು ಅಪರೂಪ. ಹಾಗಾದರೆ ಸಾರವಿಲ್ಲದ್ದು ಯಾವುದು?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಶುಲ್ಕ, ಪುಸ್ತಕ, ಬಟ್ಟೆ ಎಲ್ಲವೂ ಎರಡು ಸೀಮೆಹಸುಗಳ ಕೆಚ್ಚಲಿನಿಂದ ಬಂದವು. ನಾನು ಮೊದಲ ವರ್ಷದಲ್ಲಿದ್ದಾಗ, ಮಳೆಗಾಲದಲ್ಲಿ, ಅವ್ವ ಪೇಟೆಯ ಅಂಗಡಿಯೊಂದರಿಂದ ಕಡಲೆಕಾಯಿ ಹಿಂಡಿ ತಂದಳು. ಚೀಲ ಬಿಚ್ಚಿದರೆ ಮುಗ್ಗುಲು ವಾಸನೆ. ಹಿಂಡಿಯ ಮೇಲೆ ಹಸಿರು ಬೂಷ್ಟು. ಮರುದಿನ ಹೋಗಿ ಕೇಳಿದ್ದಕ್ಕೆ ಅಂಗಡಿಯವರು, “ಬಿಸ್ಲಿಗ್ ಹಾಕವ್ವ, ಎಲ್ಲಾ ಸರಿಹೋಯ್ತದೆ” ಎಂದು ಮತ್ತೊಬ್ಬ ಗಿರಾಕಿಯ ಕಡೆಗೆ ತಿರುಗಿದರಂತೆ. ನಾವು ಅವರಿಗೆ ಎರಡು ತಿಂಗಳ ಬಾಕಿ ಕೊಡಬೇಕಾಗಿತ್ತು. ಬಾಕಿಯಿದ್ದವರಿಗೆ ಚೀಲ ಹಿಂದಿರುಗಿಸುವ ಬಾಯಿ ಎಲ್ಲಿಂದ ಬರಬೇಕು? ಅವ್ವ ಅದನ್ನೇ ಬಿಸಿಲಿಗೆ ಹರಡಿ, ಒಣಗಿಸಿ, ಹಸುವಿಗೆ ಇಟ್ಟಳು. ದಿನಕ್ಕೆ 10 ಲೀಟರು ಕೊಡುತ್ತಿದ್ದ ಹಸು ಹತ್ತು ದಿನಗಳಲ್ಲಿ 4 ಲೀಟರಿಗೆ ಇಳಿಯಿತು, ಹುಲ್ಲನ್ನೂ ಮೂಸದಾಯಿತು. ಪಶುವೈದ್ಯರು ಬಂದು ಮೊದಲು ನೋಡಲು ಕೇಳಿದ್ದೇ ಹಿಂಡಿಯನ್ನು. ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆಂದೂ, ಬೂಷ್ಟು ಒಣಗಿ ಉದುರಿದರೂ ವಿಷ ಉಳಿಯುತ್ತದೆಂದೂ, ಅದು ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆಂದೂ ಅವರು ವಿವರಿಸಿದರು. ಆ ವರ್ಷದ ನನ್ನ ಶುಲ್ಕಕ್ಕಾಗಿ ಅವ್ವನ ಓಲೆ ಗಿರವಿಗೆ ಹೋಯಿತು.

ಅಂದಿನಿಂದ ನನಗೊಂದು ವಿಷಯ ಮನದಟ್ಟಾಗಿದೆ. ಈ ವ್ಯಾಪಾರದಲ್ಲಿ ಕೊಳ್ಳುವ ಅನೇಕರಿಗೆ ಚೀಲದ ಮೇಲಿನ ಬರಹವನ್ನು ಓದಲು ಬರುವುದಿಲ್ಲ. ತಿನ್ನುವ ಹಸುವಿಗೆ ಮಾತು ಬರುವುದಿಲ್ಲ. ಸಾಲದಲ್ಲಿರುವವನಿಗೆ ಮಾತು ಬಂದರೂ ಆಡಲಾಗುವುದಿಲ್ಲ. ಇಂಥ ಕಡೆಯಲ್ಲಿ ಓದುಬಲ್ಲವನೊಬ್ಬ ತಕ್ಕಡಿಯ ಹಿಂದೆ ಕುಳಿತರೆ ಅವನ ಓದು ವ್ಯರ್ಥವಾಯಿತೆಂದು ಹೇಗೆ ಹೇಳುವುದು?

ಓದಬೇಕಾದದ್ದೇನೂ ಕಡಿಮೆಯಿಲ್ಲ. ಹಸುಗಳ ಸಂಯುಕ್ತ ಆಹಾರಕ್ಕೆ ಐ.ಎಸ್. 2052 ಎಂಬ ಭಾರತೀಯ ಮಾನಕವಿದೆ. ಅದರಂತೆ ಮೊದಲನೆಯ ಬಗೆಯಲ್ಲಿ ಸಸಾರಜನಕ ನೂರಕ್ಕೆ 22ಕ್ಕೂ, ಎರಡನೆಯ ಬಗೆಯಲ್ಲಿ 20ಕ್ಕೂ ಕಡಿಮೆಯಿರಬಾರದು. ತೇವ 11ನ್ನು ಮೀರಬಾರದು. ಹಸುವಿನ ಮೈಪೋಷಣೆಗೆ ದಿನಕ್ಕೆ ಒಂದೂವರೆ ಕಿಲೋ, ಕರೆಯುವ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಎಂಬುದು ಸ್ಥೂಲವಾದ ಲೆಕ್ಕ. 10 ಲೀಟರಿನ ಹಸುವಿಗೆ ಐದೂವರೆ ಕಿಲೋ ಆಯಿತು; 50 ಕಿಲೋ ಚೀಲ ಒಂಬತ್ತು ದಿನ ಬರುತ್ತದೆ. ನಮ್ಮೂರಿನಲ್ಲಿ 4 ಲೀಟರಿನ ಹಸುವಿಗೂ 12 ಲೀಟರಿನ ಹಸುವಿಗೂ ಅದೇ ಒಂದು ಬಕೆಟ್ಟು! ಒಂದಕ್ಕೆ ದುಡ್ಡು ದಂಡ, ಇನ್ನೊಂದಕ್ಕೆ ಹೊಟ್ಟೆ ಖಾಲಿ. ಈ ಲೆಕ್ಕವನ್ನು ಚೀಲದ ಜೊತೆಗೇ ಹೇಳಿ ಕಳುಹಿಸಿದರೆ ನನಗೆ ಎರಡು ಚೀಲದ ವ್ಯಾಪಾರ ಕಡಿಮೆಯಾದೀತು, ಗಿರಾಕಿ ಉಳಿಯುತ್ತಾನೆ. ಇನ್ನು ದಾಸ್ತಾನಿನ ವಿಷಯ: ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಬೇಕು, ಮೊದಲು ಬಂದದ್ದು ಮೊದಲು ಹೋಗಬೇಕು, ಮಳೆಗಾಲದಲ್ಲಿ ಹೆಚ್ಚು ಮಾಲು ತುಂಬಬಾರದು. ಇದಕ್ಕೆ ಬಂಡವಾಳಕ್ಕಿಂತ ಎಚ್ಚರ ಮುಖ್ಯ.

ಬಂಡವಾಳವೆಲ್ಲಿ ಎಂದು ಕೇಳುವವರಿದ್ದಾರೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಆಧಾರವಿಲ್ಲದೆ ಬ್ಯಾಂಕು ಸಾಲವುಂಟು. ಅಷ್ಟಕ್ಕೆ ಇಪ್ಪತ್ತೈದು ಚೀಲ ಮಾಲು, ತೂಕದ ಯಂತ್ರ, ಹಲಗೆಗಳು ಆದಾವು. ಹಾಲಿನ ಸಂಘವೇ ಆಹಾರ ಮಾರುವಾಗ ನಿನ್ನ ಅಂಗಡಿ ಏತಕ್ಕೆ ಎಂಬುದು ಇನ್ನೊಂದು ಆಕ್ಷೇಪ. ಸಂಘದ ಚೀಲ ಒಳ್ಳೆಯದೇ. ಅದನ್ನು ಕೊಳ್ಳಬೇಡಿರೆಂದು ನಾನು ಹೇಳಲಾರೆ. ಆದರೆ ಸಂಘಕ್ಕೆ ಹಾಲು ಹಾಕದವರೂ ಊರಿನಲ್ಲಿದ್ದಾರೆ. ಉಳುವ ಎತ್ತಿನವನು, ಎರಡು ಮೇಕೆ ಸಾಕಿದ ವಿಧವೆ, ನಾಲ್ಕು ಕೋಳಿಯ ಅಜ್ಜಿ, ಇವರಿಗೆ ಬೇಕಾದದ್ದು ಎರಡು ಕಿಲೋ ಬಿಡಿ ಬೂಸಾ, ಒಂದು ಕಿಲೋ ಜೋಳದ ನುಚ್ಚು.

ನಿಜವಾದ ಭಯವಿರುವುದು ಸಾಲದ ಪುಸ್ತಕದಲ್ಲಿ. ಸಾಲ ಕೊಡದ ಅಂಗಡಿಗೆ ಹಳ್ಳಿಯವರು ಬರುವುದಿಲ್ಲ. ಕೊಡುತ್ತಲೇ ಹೋದ ಅಂಗಡಿ ವರ್ಷದೊಳಗೆ ಬಾಗಿಲು ಹಾಕುತ್ತದೆ. ಆದ್ದರಿಂದ ಡೈರಿಯ ಮುಂದಿನ ಬಟವಾಡೆಯವರೆಗೆ ಮಾತ್ರ ಸಾಲ ಎಂದು ನಿಶ್ಚಯಿಸಿದ್ದೇನೆ. ಲೆಕ್ಕ ನನ್ನ ಪುಸ್ತಕದಲ್ಲಿದ್ದಂತೆಯೇ ಗಿರಾಕಿಯ ಕೈಯಲ್ಲೂ ಇರಬೇಕು. ಬಾಕಿಯಿದ್ದವನೂ ಕೆಟ್ಟ ಚೀಲವನ್ನು ತಲೆಯೆತ್ತಿ ಹಿಂದಿರುಗಿಸಬಹುದು ಎಂಬುದನ್ನು ಮೊದಲ ಪುಟದಲ್ಲೇ ಬರೆಯುತ್ತೇನೆ. ಇದರಿಂದ ನನಗೆ ನಷ್ಟವಾಗಬಹುದು. ಆ ನಷ್ಟವನ್ನು ಹೊರಲಾರದ ದಿನ ಅಂಗಡಿ ಮುಚ್ಚುವುದೇ ಮೇಲು.

ಮನೆಯಲ್ಲಿ ಇನ್ನೂ ಒಪ್ಪಿಗೆ ದೊರೆತಿಲ್ಲ. “ಬೂಸಾ ಮಾರಕ್ಕೇನ್ಲಾ ನಿನ್ನ ಇಷ್ಟ್ ವರ್ಸ ಓದ್ಸಿದ್ದು?” ಎಂದು ಅವ್ವ ಕಣ್ಣೊರೆಸಿಕೊಂಡಳು. ಅವಳ ದುಃಖ ಸುಳ್ಳಲ್ಲ. ಓಲೆ ಕಳಚಿಕೊಟ್ಟ ಕಿವಿಗೆ ‘ಸಾಹೇಬರ ತಾಯಿ’ ಎನಿಸಿಕೊಳ್ಳುವ ಆಸೆಯಿದ್ದರೆ ತಪ್ಪೇನು? ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಮುಗ್ಗಿದ್ ಚೀಲ ವಾಪಸ್ ತಕ್ಕೊಂಡೀಯಾ?” ಎಂದಷ್ಟೇ ಕೇಳಿದರು. “ತಕ್ಕೋತೀನಪ್ಪ” ಎಂದೆ.

ಸಹಪಾಠಿಗಳೆಲ್ಲರೂ ಬೂಸಾ ಅಂಗಡಿ ಇಡಬೇಕೆಂಬುದು ನನ್ನ ವಾದವಲ್ಲ. ನಮ್ಮನ್ನು ಓದಿಸಿದ ಕಸುಬಿನಲ್ಲೇ ಓದಿದವರ ಅಭಾವವಿದೆಯೆಂಬುದನ್ನು ಕಾಲೇಜು ಬಿಡುವ ಮುನ್ನ ಒಮ್ಮೆ ಯೋಚಿಸಬೇಕೆಂಬುದಷ್ಟೇ ನನ್ನ ನಮ್ರ ವಿನಂತಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಗುರುಗಳು ಈಗಲೇ ತಿದ್ದಲಿ. ಅಂಗಡಿ ತೆರೆದ ಮೇಲೆ ತಿದ್ದಿದರೆ ನಷ್ಟ ಹೆಚ್ಚು.