ಉಣ್ಣೆ ಅಂದ್ರೆ ಕೂದಲು ಕಣ್ರೋ, ಜೀನ್ಸ್ ಅಲ್ಲ

ಮೊದಲನೇ ಫೋಟೋದಲ್ಲಿ ಕುರ್ಚಿ ಮೇಲಿರೋ ಕಪ್ಪು ದಪ್ಪ ಚೌಕ ಸೀಟ್ ಕವರ್ ಅಲ್ಲ. ಅದು ಭದ್ರಾವತಿಯ ನಮ್ಮಜ್ಜನ ಕಂಬಳಿ. ಮಳೆಗಾಲದಲ್ಲಿ ವಿಐಎಸ್‌ಎಲ್ ಕಾರ್ಖಾನೆಗೆ ನೈಟ್ ಶಿಫ್ಟಿಗೆ ಹೋಗುವಾಗ ಅಜ್ಜ ಅದನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕ್ಕೊಳ್ತಿದ್ರಂತೆ.

ಪಿಯುಸಿ ರಜೆಯಲ್ಲಿ ಅಜ್ಜಿಗೆ ಸಹಾಯ ಮಾಡೋಣ ಅಂತ ನಾನೇ ಅದನ್ನ ವಾಷಿಂಗ್ ಮೆಷಿನ್ನಿಗೆ ಹಾಕ್ದೆ. ಬಿಸಿನೀರು, ಸೋಪಿನ ಪುಡಿ, ಒಂದು ಗಂಟೆ. ಹೊರಗೆ ಬಂದಿದ್ದು ಅರ್ಧ ಸೈಜಿನ ಗಟ್ಟಿ ರಟ್ಟು. ಅಜ್ಜಿ ಬೈಲಿಲ್ಲ. "ಹೋಗ್ಲಿ ಬಿಡು ಪುಟ್ಟಿ, ಕೂತ್ಕೊಳ್ಳೋಕಾದ್ರೂ ಆಗುತ್ತೆ" ಅಂದ್ರು. ಬೈದಿದ್ರೆ ನನಗೆ ಇಷ್ಟು ನೆನಪಿರ್ತಿರಲಿಲ್ಲ.

ಈಗ ಎರಡನೇ ಫೋಟೋ ನೋಡಿ. ಶಿವಮೊಗ್ಗದ ನಮ್ಮನೆ ಹಾಲಿನ ಕಾರ್ಪೆಟ್. ಇದೂ ಅಜ್ಜ ತಂದಿದ್ದೇ, ಮುಂಡಗೋಡಿನ ಟಿಬೆಟನ್ ಕ್ಯಾಂಪಿಂದ. 1966ರಲ್ಲಿ ಶುರುವಾದ ಕ್ಯಾಂಪ್ ಅದು. ಉಣ್ಣೆ ನೂಲನ್ನ ಕಂಬಿಗೆ ಸುತ್ತಿ ಸುತ್ತಿ ನೇಯ್ದು, ಆಮೇಲೆ ಕತ್ತರಿಸೋದು ಟಿಬೆಟನ್ನರ ಪದ್ಧತಿ. ಶ್ರಾವಣದಲ್ಲಿ ಅಕ್ಕನ ನಿಶ್ಚಿತಾರ್ಥ. ಅಷ್ಟರಲ್ಲಿ ಇದು ಫಳಫಳ ಹೊಳೀಬೇಕು ಅಂತ ಅಪ್ಪ ಮೊಬೈಲಲ್ಲಿ ಪ್ರೆಶರ್ ವಾಷರ್ರು, ಸ್ಟೀಮ್ ಕ್ಲೀನರ್ರು ಎರಡೂ ಕಾರ್ಟಿಗೆ ಹಾಕಿಟ್ಟಿದಾರೆ. "ಕಾರಿಗೂ ಆಗುತ್ತೆ ಕಣಮ್ಮ" ಅಂತಾರೆ.

ನಾನು ಬೇಡ ಅಂತಿದೀನಿ. ಯಾಕೆ ಅಂತ ಹೇಳ್ತೀನಿ.

ಉಣ್ಣೆ ಅಂದ್ರೆ ಕುರಿ ಕೂದಲು. ನಮ್ಮ ಕೂದಲಿನ ಥರಾನೇ ಕೆರಾಟಿನ್ ಅನ್ನೋ ಪ್ರೋಟೀನು. ಪ್ರತಿ ಎಳೆ ಮೇಲೂ ಸಣ್ಣ ಸಣ್ಣ ಹುರುಪೆ ಇರುತ್ತೆ. ಬಿಸಿ, ನೀರು, ಉಜ್ಜಾಟ ಮೂರೂ ಸೇರಿದ್ರೆ ಅವು ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಬಿಗಿಯಾಗುತ್ತವೆ. ಮತ್ತೆ ಬಿಡಿಸೋಕಾಗಲ್ಲ. ಸ್ಟೀಮರ್ ಮಾಡೋದು ಸುಮಾರು ನಾನು ಮೆಷಿನ್ನಲ್ಲಿ ಮಾಡಿದ್ದೇ. ಪ್ರೆಶರ್ ವಾಷರ್ ಎಳೆಗಳನ್ನ ಕೆದರಿ, ಬುಡದ ತನಕ ನೀರು ತುಂಬಿಸುತ್ತೆ. ಇನ್ನು ಸೋಪಿನ ಪುಡಿ ಕ್ಷಾರ. ಕೆಲವು ಪುಡಿಗಳಲ್ಲಿ ಪ್ರೋಟೀನ್ ಕಲೆ ತಿನ್ನೋ ಎಂಜೈಮೂ ಇರುತ್ತೆ. ಉಣ್ಣೆನೇ ಪ್ರೋಟೀನು, ಅದು ಯಾವುದನ್ನ ತಿನ್ನುತ್ತೆ ಯೋಚ್ನೆ ಮಾಡಿ. ಬ್ಲೀಚ್ ಅಂತೂ ಹತ್ತಿರಾನೂ ತರಬೇಡಿ.

ಹಾಗಾದ್ರೆ ಏನು ಬೇಕು?

ಮೊದಲು ಧೂಳು. ಅರ್ಧ ಕೆಲಸ ಇದೇ. ಬುಡದಲ್ಲಿ ಕೂತ ಮರಳು ಕಾಲಿಟ್ಟಾಗೆಲ್ಲ ಎಳೆಗಳನ್ನ ಸವೆಸುತ್ತೆ. ಅದರ ಮೇಲೆ ನೀರು ಹಾಕಿದ್ರೆ ಕೆಸರು. ವ್ಯಾಕ್ಯೂಮ್ ಇದ್ರೆ ಬರೀ ಎಳೆಯೋ ಬಾಯಿ ಸಾಕು, ತಿರುಗೋ ಬ್ರಷ್ ಬೇಡ. ಅಂಚಿನ ಕುಚ್ಚಿಗೆ ತಾಗಿಸಬೇಡಿ. ಇಲ್ಲಾಂದ್ರೆ ಮಗುಚಿ ಹಾಕಿ ಹಿಂಭಾಗದಿಂದ ಮೆಲ್ಲಗೆ ತಟ್ಟಿ.

ಆಮೇಲೆ ಬಣ್ಣದ ಟೆಸ್ಟ್. ಒದ್ದೆ ಬಿಳಿ ಬಟ್ಟೇನ ಪ್ರತಿ ಬಣ್ಣದ ಮೇಲೂ ಒಂದು ನಿಮಿಷ ಒತ್ತಿ. ಬಣ್ಣ ಹತ್ತಿದ್ರೆ ಅಲ್ಲಿಗೇ ನಿಲ್ಲಿಸಿ. ಹತ್ತಿಲ್ಲ ಅಂದ್ರೆ ತಣ್ಣೀರು, ಉಲ್ಲನ್ನಿಗೆ ಅಂತಾನೇ ಬರೋ ಲಿಕ್ವಿಡ್ ಸ್ವಲ್ಪ, ಒಂದು ಸ್ಪಂಜು. ಎಳೆ ಮಲಗಿರೋ ದಿಕ್ಕಲ್ಲೇ ಒರೆಸಿ. ಕಾಫಿ ಚೆಲ್ಲಿದ್ರೆ ಉಜ್ಜಬೇಡಿ, ಬಟ್ಟೆ ಒತ್ತಿ ಹೀರಿಸಿ.

ಕೊನೇದು ಒಣಗಿಸೋದು. ಮಲೆನಾಡಲ್ಲಿ ಕಷ್ಟ ಇರೋದೇ ಇಲ್ಲಿ. ಒದ್ದೆ ಕಾರ್ಪೆಟ್ ತಂತಿ ಮೇಲೆ ಹಾಕಿದ್ರೆ ಅದರ ಭಾರಕ್ಕೇ ಆಕಾರ ಕೆಡುತ್ತೆ. ನೆರಳಲ್ಲಿ, ಎರಡೂ ಕಡೆ ಗಾಳಿ ಆಡೋ ಹಾಗೆ ಹಾಸಬೇಕು. ಆಷಾಢ, ಶ್ರಾವಣದಲ್ಲಿ ನಮ್ಮೂರಲ್ಲಿ ಕರ್ಚೀಫೇ ಒಣಗಲ್ಲ! ಒಳಗೆ ತೇವ ಉಳಿದ್ರೆ ಬೂಷ್ಟು, ವಾಸನೆ, ಕೊನೆಗೆ ಬುಡದ ನೂಲೇ ಕೊಳೆಯುತ್ತೆ. ಅದಕ್ಕೇ ನನ್ನ ಪ್ರಕಾರ ಶಿವಮೊಗ್ಗದಲ್ಲಿ ಕಾರ್ಪೆಟ್ಟಿಗೆ ಬೇಕಾದ ದೊಡ್ಡ ಸಾಧನ ಮೆಷಿನ್ ಅಲ್ಲ, ಫೆಬ್ರವರಿ ತಿಂಗಳು.

ಅಂಗಡಿಗೆ ಕೊಡ್ತೀರಾ? ಕೊಡಿ. ಆದ್ರೆ ರೇಟ್ ಕೇಳೋ ಮುಂಚೆ ಎರಡು ಪ್ರಶ್ನೆ ಕೇಳಿ: ಧೂಳು ಹೇಗೆ ತೆಗೀತೀರಾ? ಎಲ್ಲಿ ಒಣಗಿಸ್ತೀರಾ? ಬೆಡ್‌ಶೀಟ್ ಥರ ಕೆಜಿ ಲೆಕ್ಕದಲ್ಲಿ ತಗೊಳ್ಳೋರಿಗೆ ಬೇಡ.

ಬಿಕಾಂನಲ್ಲಿ ನಮಗೆ ಡಿಪ್ರಿಸಿಯೇಷನ್ ಹೇಳಿಕೊಡ್ತಾರೆ. ಆ ಲೆಕ್ಕದಲ್ಲಿ ಅಜ್ಜನ ಕಂಬಳಿಯ ಬುಕ್ ವ್ಯಾಲ್ಯೂ ಯಾವತ್ತೋ ಸೊನ್ನೆ. ಅಜ್ಜಿ ಮಾತ್ರ ಈಗ್ಲೂ ಬೇರೆ ಯಾರನ್ನೂ ಆ ಕುರ್ಚಿ ಮೇಲೆ ಕೂರೋಕೆ ಬಿಡಲ್ಲ.

ನನ್ನ ವಾದ ಇಷ್ಟೇ: ಈಗ ಧೂಳು ಮಾತ್ರ ತೆಗೆಯೋಣ, ಆ ಕಾಫಿ ಕಲೆ ನಿಶ್ಚಿತಾರ್ಥದ ಫೋಟೋದಲ್ಲಿ ಕಂಡ್ರೆ ಕಾಣ್ಲಿ. ಅಪ್ಪ ಇನ್ನೂ ಒಪ್ಪಿಲ್ಲ, ಕಾರ್ಟೂ ಖಾಲಿ ಆಗಿಲ್ಲ.

ನಿಮ್ಮನೇಲೂ ಟ್ರಂಕಲ್ಲಿ ಕಂಬಳಿನೋ ಕಾರ್ಪೆಟ್ಟೋ ಇದೆಯಾ? ತೊಳೆಯೋ ಮುಂಚೆ ಅಜ್ಜಿನ ಒಂದು ಮಾತು ಕೇಳಿ. ಏನಂದ್ರು ಅಂತ ಕಾಮೆಂಟಲ್ಲಿ ಹಾಕಿ.

#ಉಣ್ಣೆ #ಕಂಬಳಿ #ಭದ್ರಾವತಿ #ಶಿವಮೊಗ್ಗ