ಬಿದ್ದ ಸವಾರ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯ ಮಾರ್ಗವನ್ನು ಹಿಡಿದು, ತೊರವಿಯನ್ನು ಹಿಂದೆ ಬಿಟ್ಟು ಸಾಗಿದರೆ ತಿಕೋಟಾ ಸಿಗುತ್ತದೆ. ಜಮಖಂಡಿಯ ಮಾರ್ಗದಲ್ಲಿ ನೈಋತ್ಯಕ್ಕೆ ಹೊರಟರೆ ಬಬಲೇಶ್ವರ. ಎರಡೂ ಊರುಗಳು ನಗರಕ್ಕೆ ಸುಮಾರು 20ರಿಂದ 25 ಕಿಲೋಮೀಟರು ದೂರದಲ್ಲಿವೆ. ನಡುವೆ ಬಯಲೋ ಬಯಲು; ಎರೆಹೊಲಗಳು, ಜೋಳ, ಕಡಲೆ, ನೀರು ದೊರೆತ ಕಡೆ ದ್ರಾಕ್ಷಿಯ ತೋಟಗಳು. ಮರಗಳು ವಿರಳವಾದುದರಿಂದ ಗಾಳಿಗೆ ಅಡ್ಡಿಯೆಂಬುದಿಲ್ಲ. ಇಂಥ ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿಯುವ ಹುಡುಗ ಹುಡುಗಿಯರನ್ನು ಈ ಸೀಮೆಯ ರಸ್ತೆಗಳಲ್ಲಿ ನಸುಕಿನಲ್ಲಿ ಕಾಣಬಹುದು. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಪದಕ ಗೆದ್ದ ಕರ್ನಾಟಕದ ಸೈಕಲ್ ಪಟುಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಮಕ್ಕಳೇ ಹೆಚ್ಚು. ಅವರಲ್ಲಿ ಅನೇಕರು ಹಳ್ಳಿಯ ಒಕ್ಕಲುತನದ ಮನೆಗಳಿಂದ ಬಂದವರು. ಊರ ಜಾತ್ರೆಯ ಸೈಕಲ್ ಶರ್ಯತ್ತೇ ಅವರ ಮೊದಲ ಪಾಠಶಾಲೆ.

ಸವಾರಿಯನ್ನು ಕಲಿಯುವವನು ಬೀಳುತ್ತಾನೆ. ಇದರಲ್ಲಿ ಹೊಸದೇನೂ ಇಲ್ಲ. ಆದರೆ ಬಿದ್ದ ಮರುಗಳಿಗೆಯಲ್ಲಿ ನಡೆಯುವುದನ್ನು ಸ್ವಲ್ಪ ಗಮನಿಸಬೇಕು. ಹೊಲದಲ್ಲಿದ್ದ ಹಿರಿಯರೊಬ್ಬರು ಓಡಿಬಂದು, “ಬಿದ್ದೇನೋ ತಮ್ಮಾ?” ಎಂದು ಕೇಳುತ್ತಾರೆ. ಹುಡುಗನು ಮೊಣಕಾಲಿನ ರಕ್ತವನ್ನು ಅಂಗೈಯಿಂದ ಮರೆಮಾಡಿಕೊಂಡು, “ಇಲ್ರಿ ಕಾಕಾ, ಇಳದೀನ್ರಿ!” ಎಂದುಬಿಡುತ್ತಾನೆ. ಸುತ್ತಲಿದ್ದವರು ನಗುತ್ತಾರೆ, ಹುಡುಗನೂ ನಗುತ್ತಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಿದವರಲ್ಲ.

ಈ ನಗೆ ಹಿತವಾದುದೇ. ಆದರೂ ಅದರೊಳಗೆ ಒಂದು ಕೇಡು ಅಡಗಿದೆ. ಬೀಳಲೇ ಇಲ್ಲವೆಂದು ಸಾಧಿಸಿದವನಿಗೆ ತಾನು ಏಕೆ ಬಿದ್ದೆನೆಂದು ಕೇಳಿಕೊಳ್ಳುವ ಅವಕಾಶವೇ ಉಳಿಯುವುದಿಲ್ಲ. ನೆಲದ ಪೆಟ್ಟು ಎಂಟು ದಿನಕ್ಕೆ ಮಾಯುತ್ತದೆ. ಮುಚ್ಚಿಟ್ಟ ಅಂಜಿಕೆ ಹಾಗೆ ಮಾಯುವುದಿಲ್ಲ. ಅದೇ ತಿರುವು ಬಂದಾಗ ಕೈ ತಾನಾಗಿ ಬ್ರೇಕನ್ನು ಅವುಚಿ ಹಿಡಿಯುತ್ತದೆ.

ಸವಾರಿಯ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಸೈಕಲ್ಲು ಬರುವುದಕ್ಕೆ ಶತಮಾನಗಳ ಮೊದಲೇ ಇಲ್ಲಿ ಕುದುರೆಯಿತ್ತು. 15ನೆಯ ಶತಮಾನದ ಕೊನೆಯಿಂದ 1686ರವರೆಗೆ ಆಳಿದ ಆದಿಲಶಾಹಿ ಅರಸರ ಬಲವೆಲ್ಲ ರಾವುತರ ಮೇಲೆ ನಿಂತಿತ್ತು. ಅರಬ್ ಮತ್ತು ಪಾರಸಿ ನಾಡುಗಳ ಕುದುರೆಗಳು ಹಡಗುಗಳಲ್ಲಿ ಪಶ್ಚಿಮ ತೀರದ ಬಂದರುಗಳಿಗೆ ಬಂದಿಳಿದು, ಘಟ್ಟವನ್ನೇರಿ ವಿಜಯಪುರವನ್ನು ಸೇರುತ್ತಿದ್ದವು. 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾದಾಗ ಆದಿಲಶಾಹಿಗೆ ಒಂದು ಬಂದರು ಕೈತಪ್ಪಿದುದಷ್ಟೇ ಅಲ್ಲ, ಕುದುರೆಯ ದಾರಿಯೇ ಪರರ ಪಾಲಾಯಿತು. ಭೀಮಾ ತೀರದಲ್ಲಿ ಬೆಳೆದ ಗಟ್ಟಿಮುಟ್ಟಾದ ಗಿಡ್ಡ ಕುದುರೆಗಳೂ ಇದ್ದವು. ಅವುಗಳನ್ನು ಭೀಮಥಡಿ ಎಂದು ಕರೆಯುವುದುಂಟು. ಅಂದಿನ ರಾವುತರ ಕುದುರೆಗಳು ಹೋಗಿ, ಗೋಲಗುಮ್ಮಟವನ್ನು ನೋಡಲು ಬಂದವರನ್ನು ಹೊತ್ತ ಟಾಂಗಾದ ಕುದುರೆಗಳು ಬಹುಕಾಲ ನಗರದ ಬೀದಿಗಳಲ್ಲಿ ಉಳಿದವು.

ಚಾಂದಬೀಬಿಯು 1580ರಲ್ಲಿ ಬಾಲಕ ಇಬ್ರಾಹಿಮನ ಪರವಾಗಿ ವಿಜಯಪುರದ ಆಡಳಿತವನ್ನು ವಹಿಸಿಕೊಂಡವಳು. ಆಕೆ ಕುದುರೆಯನ್ನೇರಿ, ಮುಂಗೈಯ ಮೇಲೆ ಗಿಡುಗವನ್ನಿರಿಸಿಕೊಂಡು ಬೇಟೆಗೆ ಹೊರಟ ನೋಟವನ್ನು ದಖ್ಖನಿನ ಚಿತ್ರಕಾರರು ಅವಳ ಕಾಲಾನಂತರವೂ ಮತ್ತೆ ಮತ್ತೆ ಬರೆದರು. ಆ ಚಿತ್ರಗಳಲ್ಲಿ ಕುದುರೆಯು ಎಷ್ಟು ಬಿರುಸಾಗಿ ಹೆಜ್ಜೆಯಿಟ್ಟರೂ ರಾಣಿಯ ಬೆನ್ನು ನೆಟ್ಟಗಿರುತ್ತದೆ. ಅವಳೂ ಎಳೆತನದಲ್ಲಿ ಜೀನಿನಿಂದ ಜಾರಿರಬಹುದು, ಯಾರೋ ಎತ್ತಿ ಕೂರಿಸಿರಬಹುದು. ಅದನ್ನು ಯಾವ ಕುಂಚವೂ ಬರೆಯಲಿಲ್ಲ. ದೊಡ್ಡವರ ಸವಾರಿಯನ್ನು ಮಾತ್ರ ಕಂಡು, ಅವರ ಬೀಳುವಿಕೆಯನ್ನು ಕಾಣದೆ ಬೆಳೆದ ಮಕ್ಕಳು, ಬೀಳುವುದು ತಮ್ಮೊಬ್ಬರ ಪಾಲಿಗೆ ಬಂದ ಅವಮಾನವೆಂದು ತಿಳಿದರೆ ತಪ್ಪು ಅವರದಲ್ಲ.

ಕುದುರೆಯಿಂದ ಬೀಳುವುದಕ್ಕೂ ಸೈಕಲ್ಲಿನಿಂದ ಬೀಳುವುದಕ್ಕೂ ಒಂದು ಮುಖ್ಯ ಭೇದವಿದೆ. ಸೈಕಲ್ಲಿಗೆ ಅಂಜಿಕೆಯಿಲ್ಲ, ಕುದುರೆಗಿದೆ. ಅದು ಹುಲ್ಲು ತಿಂದು ಬದುಕುವ, ಕ್ರೂರಮೃಗಗಳಿಂದ ಓಡಿ ಪ್ರಾಣ ಉಳಿಸಿಕೊಳ್ಳುವ ಪ್ರಾಣಿ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿಗಳಷ್ಟು ಸುತ್ತಳತೆಯನ್ನು ನೋಡಬಲ್ಲದು. ಬೇಲಿಗೆ ಸಿಕ್ಕಿದ ಹರಕು ಚಿಂದಿಯೊಂದು ಗಾಳಿಗೆ ಪಟಪಟಿಸಿದರೂ ಅದು ಬೆಚ್ಚಿ ಪಕ್ಕಕ್ಕೆ ಹಾರುವುದು. ಟಾಂಗಾದ ಕುದುರೆಗೆ ಕಣ್ಣಪಟ್ಟಿ ಕಟ್ಟುವುದು ಇದೇ ಕಾರಣಕ್ಕೆ. ಇಷ್ಟೇ ಅಲ್ಲ, ಬೆನ್ನ ಮೇಲೆ ಕುಳಿತವನ ಮನಸ್ಸನ್ನೂ ಅದು ಮೈಯಿಂದ ಓದುತ್ತದೆ. ಒಮ್ಮೆ ಬಿದ್ದು ಅಂಜಿದ ಸವಾರನು ತನಗೆ ಅರಿವಿಲ್ಲದೆಯೇ ಮುಂದಕ್ಕೆ ಬಾಗುತ್ತಾನೆ. ಹಿಮ್ಮಡಿಗಳನ್ನು ಕುದುರೆಯ ಪಕ್ಕೆಗೆ ಒತ್ತುತ್ತಾನೆ. ಲಗಾಮನ್ನು ಬಿಗಿಯಾಗಿ ಜಗ್ಗುತ್ತಾನೆ. ಹಿಮ್ಮಡಿಯ ಒತ್ತು ಹೋಗೆನ್ನುತ್ತದೆ; ಲಗಾಮಿನ ಜಗ್ಗು ನಿಲ್ಲೆನ್ನುತ್ತದೆ. ಬಡ ಪ್ರಾಣಿಯು ಯಾವುದನ್ನು ಕೇಳಬೇಕು? ಅದು ಕಂಗೆಟ್ಟು ಕುಣಿಯುತ್ತದೆ, ಸವಾರನು ಮತ್ತೆ ಬೀಳುತ್ತಾನೆ. ಮೊದಲನೆಯ ಸಲ ಅವನನ್ನು ಕೆಡವಿದ್ದು ಗಾಳಿಗೆ ಹಾರಿದ ಚಿಂದಿ; ಎರಡನೆಯ ಸಲ ಕೆಡವಿದ್ದು ಅವನದೇ ಅಂಜಿಕೆ.

ಸೈಕಲ್ಲು ಅಂಜದಿದ್ದರೂ ಸವಾರನ ಅಂಜಿಕೆಯನ್ನು ಅದೂ ಪಾಲಿಸುತ್ತದೆ. ರಸ್ತೆಯ ತಗ್ಗನ್ನೇ ದಿಟ್ಟಿಸುತ್ತ ಹೋದವನು ಆ ತಗ್ಗಿಗೇ ಹೋಗಿ ಬೀಳುತ್ತಾನೆ. ಕಣ್ಣು ಹೋದ ಕಡೆಗೆ ಕೈ ತಿರುಗುತ್ತದೆ. ಗಾಬರಿಯಿಂದ ಮುಂದಿನ ಬ್ರೇಕನ್ನೊಂದನ್ನೇ ಒಮ್ಮೆಲೆ ಒತ್ತಿದರೆ ಸವಾರನು ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಹಾರುವುದುಂಟು. ಮಳೆ ಬಿದ್ದ ದಿನ ಎರೆಮಣ್ಣಿನ ದಾರಿಯಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೆಸರು ಮೆತ್ತಿಕೊಂಡು ಗಾಲಿಯೇ ನಿಂತುಬಿಡುತ್ತದೆ. ಇದು ಈ ಸೀಮೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಹಾಗಾದರೆ ಬಿದ್ದವನು ಏನು ಮಾಡಬೇಕು? ಬಿದ್ದ ಕುದುರೆಯನ್ನು ಬಿದ್ದ ಗಳಿಗೆಯಲ್ಲಿಯೇ ಮತ್ತೆ ಏರಬೇಕು, ತಡಮಾಡಿದರೆ ಅಂಜಿಕೆ ಬೇರೂರುತ್ತದೆ ಎಂಬ ಉಪದೇಶವನ್ನು ಲೋಕವು ಬಹುಕಾಲದಿಂದ ಹೇಳುತ್ತ ಬಂದಿದೆ. ಇದಕ್ಕೆ ಮೇಲ್ಪಂಕ್ತಿಗಳೂ ಉಂಟು. 1960ರ ರೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಆಸ್ಟ್ರೇಲಿಯಾದ ಬಿಲ್ ರಾಯ್‌ಕ್ರಾಫ್ಟ್ ಎಂಬ 45 ವರ್ಷದ ರೈತ ಸವಾರನು ಬಯಲು ಓಟದ ದಿನ ಕುದುರೆಯಿಂದ ಬಿದ್ದು ಕೊರಳೆಲುಬನ್ನು ಮುರಿದುಕೊಂಡನು. ಹಾಗೆಯೇ ಮತ್ತೆ ಏರಿ ಓಟವನ್ನು ಮುಗಿಸಿದನು. ಮರುದಿನ ಆಸ್ಪತ್ರೆಯಿಂದ ಎದ್ದುಬಂದು, ಜಿಗಿತದ ಸ್ಪರ್ಧೆಯಲ್ಲಿ ಒಂದು ಅಡೆತಡೆಯನ್ನೂ ಕೆಡವದೆ ಸವಾರಿ ಮಾಡಿದನು. ಅವನ ತಂಡಕ್ಕೆ ಚಿನ್ನದ ಪದಕ ದೊರೆಯಿತು. ಓದಿದವರ ಮೈ ನವಿರೇಳುವ ಸಂಗತಿಯಿದು.

ಆದರೆ ಇಂದು ಅದೇ ಸ್ಪರ್ಧೆಯಲ್ಲಿ ರಾಯ್‌ಕ್ರಾಫ್ಟನು ಬಿದ್ದಿದ್ದರೆ ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಬಯಲು ಓಟದಲ್ಲಿ ಸವಾರನು ಬಿದ್ದರೆ ಅವನು ಸ್ಪರ್ಧೆಯಿಂದ ಹೊರಗೆ; ಮತ್ತೆ ಏರಿ ಮುಂದುವರಿಯುವಂತಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನು ಗೆದ್ದುದು, 2021ರಲ್ಲಿ ಟೋಕಿಯೋದ ಒಲಿಂಪಿಕ್ ಅಂತಿಮ ಸುತ್ತಿನಲ್ಲಿ 23ನೆಯ ಸ್ಥಾನವನ್ನು ಪಡೆದುದು ಇಂಥ ಕಟ್ಟುಪಾಡುಗಳ ಒಳಗೆಯೇ. ಈ ನಿಯಮವನ್ನು ಮಾಡಿದವರು ಹೇಡಿಗಳಲ್ಲ. ತಲೆಗೆ ಪೆಟ್ಟು ಬಿದ್ದವನಿಗೆ ಆ ಕ್ಷಣದಲ್ಲಿ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಮೆದುಳು ಅಲುಗಿದ್ದರೆ ಅದು ಅವನಿಗೇ ತಿಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಎರಡನೆಯ ಸಲ ಬಿದ್ದರೆ ಪ್ರಾಣಕ್ಕೇ ಅಪಾಯ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಅದು ಹೊರಗೆ ನೆಟ್ಟಗೆ ಕಂಡರೂ, ಮತ್ತೆ ಬಳಸಬಾರದೆಂದು ತಿಳಿದವರು ಹೇಳುವುದೂ ಇದೇ ವಿವೇಕದಿಂದ. ರಾಯ್‌ಕ್ರಾಫ್ಟನ ಧೈರ್ಯವು ದೊಡ್ಡದು. ಅದನ್ನು ಹದಿಮೂರು ಹದಿನಾಲ್ಕರ ಮಕ್ಕಳಿಗೆ ನಿಯಮವನ್ನಾಗಿ ವಿಧಿಸುವುದು ಸಲ್ಲದು.

ಕುದುರೆಯನ್ನು ಕಲಿಸುವ ಒಳ್ಳೆಯ ಗುರುಗಳು ಅಂಜಿದ ಶಿಷ್ಯನನ್ನು ಬೈಯುವುದಿಲ್ಲ, ಮನೆಗೂ ಕಳುಹಿಸುವುದಿಲ್ಲ. ಅವನನ್ನು ಮತ್ತೆ ನೆಲದಿಂದ ಆರಂಭಿಸುತ್ತಾರೆ. ಮೊದಲು ಕುದುರೆಯ ಮೈಯನ್ನು ಉಜ್ಜುವುದು, ಗೊರಸನ್ನು ಎತ್ತಿ ಶುಚಿಮಾಡುವುದು, ಲಗಾಮು ಹಿಡಿದು ಜೊತೆಯಲ್ಲಿ ನಡೆಯುವುದು. ಅನಂತರ ಸಾಧುವಾದ ಬೇರೊಂದು ಕುದುರೆಯ ಮೇಲೆ ಕೂರಿಸಿ, ಉದ್ದನೆಯ ಹಗ್ಗವನ್ನು ತಾವೇ ಹಿಡಿದು ವರ್ತುಲದಲ್ಲಿ ನಡೆಸುವುದು. ಹೀಗೆ ಲಗಾಮಿನ ಹೊಣೆ ಗುರುವಿನದಾದಾಗ ಶಿಷ್ಯನಿಗೆ ಉಸಿರಾಡಲು ಬಿಡುವು ದೊರೆಯುತ್ತದೆ. ಬಿಗಿದ ಭುಜಗಳು ಇಳಿಯುತ್ತವೆ. ಬೆನ್ನು ಕುದುರೆಯ ಹೆಜ್ಜೆಗೆ ಹೊಂದುತ್ತದೆ. ನಡಿಗೆ ಒಲಿದ ಮೇಲೆ ದುಡಕಿ. ದುಡಕಿ ಒಲಿದ ಮೇಲೆ ನಾಗಾಲೋಟ. ಎಷ್ಟು ದಿನವೆಂಬ ಲೆಕ್ಕವಿಲ್ಲ. ನೆಲದ ಕಡೆಗೆ ನೋಡುತ್ತಿದ್ದ ಕಣ್ಣು ಕುದುರೆಯ ಕಿವಿಗಳ ನಡುವಿನಿಂದ ದೂರವನ್ನು ನೋಡತೊಡಗಿದ ದಿನ ಗುರುವು ಹಗ್ಗವನ್ನು ಬಿಚ್ಚುತ್ತಾನೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ ಪೋಲಿಯೋ ತಗುಲಿತು. ಆಗ ಅವಳಿಗೆ 23 ವರ್ಷ, ಹೊಟ್ಟೆಯಲ್ಲಿ ಮಗುವಿತ್ತು. ಮೊಣಕಾಲಿನ ಕೆಳಗೆ ಶಕ್ತಿ ಉಡುಗಿಹೋಯಿತು. ನಿಲ್ಲುವುದನ್ನು, ನಡೆಯುವುದನ್ನು, ಕುದುರೆಯ ಮೇಲೆ ಕೂಡುವುದನ್ನು ಅವಳು ಮೊದಲಿನಿಂದ ಕಲಿಯಬೇಕಾಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ, ಅದುವರೆಗೆ ಸೇನಾಧಿಕಾರಿಗಳಿಗೆ ಮಾತ್ರ ಮೀಸಲಾಗಿದ್ದ ಕುದುರೆಯ ಶಿಕ್ಷಿತ ನಡಿಗೆಯ ಸ್ಪರ್ಧೆಯಲ್ಲಿ ಪುರುಷರೊಡನೆ ಸೆಣಸಿ ಬೆಳ್ಳಿಯನ್ನು ಗೆದ್ದಳು; 1956ರಲ್ಲಿ ಮತ್ತೊಮ್ಮೆ ಗೆದ್ದಳು. ಕುದುರೆಯನ್ನು ಏರಲು, ಇಳಿಯಲು ಅವಳಿಗೆ ಇನ್ನೊಬ್ಬರ ಕೈ ಬೇಕಾಗಿತ್ತು. ಆ ಕೈಯನ್ನು ಬೇಡವೆನ್ನುವ ಹುಸಿ ಬಿಂಕ ಅವಳಲ್ಲಿರಲಿಲ್ಲ.

ಹೆಲ್ಸಿಂಕಿ ಬಹು ದೂರದ ಮಾತಾಯಿತು. ತಿಕೋಟಾ, ಬಬಲೇಶ್ವರದ ಸುತ್ತಣ ಹಳ್ಳಿಗಳಲ್ಲಿ ಈ ಪ್ರಶ್ನೆಯು ಪದಕದ್ದಲ್ಲ, ಪಾಠಿಚೀಲದ್ದು. ತಮ್ಮ ಊರಿನ ಶಾಲೆಯ ಓದು ಮುಗಿದ ಮೇಲೆ ಅನೇಕ ಮಕ್ಕಳು ಪ್ರೌಢಶಾಲೆಗಾಗಿ ಪಕ್ಕದ ದೊಡ್ಡ ಊರಿಗೆ ಹೋಗಬೇಕು. ಬಸ್ಸು ಎಲ್ಲ ಊರಿಗೂ ಎಲ್ಲ ಹೊತ್ತಿಗೂ ಬರುವುದಿಲ್ಲ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದುದು ಈ ದೂರವನ್ನು ನೆನೆದೇ. ಅಂದಿನಿಂದ ಎಷ್ಟೋ ಹುಡುಗಿಯರು ಮೊದಲ ಬಾರಿಗೆ ಸವಾರರಾದರು.

ಇಲ್ಲಿ ಒಂದು ಪಕ್ಷಪಾತವನ್ನು ಮುಚ್ಚಿಡದೆ ಹೇಳಬೇಕು. ಹುಡುಗನು ಬಿದ್ದು ಮನೆಗೆ ಬಂದರೆ, “ಗಂಡಸ ಅದೀ, ಏನಾಗೂದಿಲ್ಲ, ಏಳು” ಎನ್ನುತ್ತಾರೆ. ಹುಡುಗಿಯು ಬಿದ್ದು ಬಂದರೆ, “ಸಾಕವ್ವಾ ನಿನ್ನ ಸೈಕಲ್ಲು” ಎಂದು ಅದನ್ನು ದನದ ಕೊಟ್ಟಿಗೆಯ ಗೋಡೆಗೆ ಒರಗಿಸುತ್ತಾರೆ. ಎರಡೂ ಮಾತುಗಳು ಅಕ್ಕರೆಯಿಂದಲೇ ಹುಟ್ಟಿದವು, ಎರಡೂ ತಪ್ಪು. ಹುಡುಗನ ನೋವನ್ನು ಒಂದು ಮಾತು ಇಲ್ಲವೆನ್ನುತ್ತದೆ. ಹುಡುಗಿಯ ಬಲವನ್ನು ಇನ್ನೊಂದು ಇಲ್ಲವೆನ್ನುತ್ತದೆ. ಆದರೆ ಎರಡನೆಯ ತಪ್ಪಿಗೆ ತೆರಬೇಕಾದ ಬೆಲೆ ಹೆಚ್ಚು. ಗೋಡೆಗೆ ಒರಗಿದ ಸೈಕಲ್ಲಿನ ಗಾಲಿಯ ಗಾಳಿ ಇಳಿಯುವುದರೊಳಗೆ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಚಾಂದಬೀಬಿಯ ಸವಾರಿಯನ್ನು ಇತಿಹಾಸದ ಪಾಠದಲ್ಲಿ ಹೊಗಳಿ, ಮನೆಯ ಮಗಳ ಸವಾರಿಯನ್ನು ಒಂದು ತರಚು ಗಾಯಕ್ಕೆ ನಿಲ್ಲಿಸುವುದು ಯಾವ ನ್ಯಾಯ?

ಬಿದ್ದ ಮಗಳನ್ನು ಏಕೆ ಬಿದ್ದೆಯೆಂದು ಗದರದೆ, ಎಲ್ಲಿ ಬಿದ್ದೆ, ಹೇಗೆ ಬಿದ್ದೆ ಎಂದು ಕೇಳುವ ತಂದೆಯೂ ಇದ್ದಾನೆ. ಸಂಜೆ ಅವನು ಅವಳೊಡನೆ ಆ ತಿರುವಿನವರೆಗೆ ನಡೆದುಹೋಗುತ್ತಾನೆ. ಅಂಚಿನಲ್ಲಿ ಸಡಿಲಾಗಿ ಚೆಲ್ಲಿದ ಗರಸು ಇಬ್ಬರಿಗೂ ಕಾಣುತ್ತದೆ. ಟ್ರ್ಯಾಕ್ಟರಿಗೆ ದಾರಿ ಬಿಡಲೆಂದು ಅಂಚಿಗೆ ಸರಿದೆನೆಂದೂ, ಗಾಲಿ ಜಾರಿದಾಗ ಬ್ರೇಕನ್ನು ಒತ್ತಿದೆನೆಂದೂ ಅವಳು ಹೇಳುತ್ತಾಳೆ. ತಂದೆಯು ಗರಸನ್ನು ಚಪ್ಪಲಿಯ ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾನೆ. ಬಿದ್ದ ಪೆಟ್ಟಿಗೆ ಸೈಕಲ್ಲಿನ ಹ್ಯಾಂಡಲ್ಲು ಸೊಟ್ಟಗಾಗಿದೆ. ಮುಂದಿನ ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ಹ್ಯಾಂಡಲ್ಲನ್ನು ಒಮ್ಮೆ ಬಲವಾಗಿ ತಿರುವಿ ನೆಟ್ಟಗೆ ಮಾಡಿ, ಸೈಕಲ್ಲನ್ನು ಅವಳ ಕೈಗೆ ಕೊಡುತ್ತಾನೆ. ಅವಳು ತಿರುವಿನವರೆಗೆ ತಳ್ಳಿಕೊಂಡು ಹೋಗಿ, ಗರಸನ್ನು ದಾಟಿದ ಮೇಲೆ ಏರುತ್ತಾಳೆ.