ತೆಳುವಾದುದೆಲ್ಲವೂ ಮೇಲಲ್ಲ

ಮಕ್ಕಳು ಕಾಲೇಜು ಸೇರುವಾಗ ಲ್ಯಾಪ್‌ಟಾಪಿನ ಮಾತು ಮನೆಮನೆಯಲ್ಲೂ ಏಳುತ್ತದೆ. ತೆಳುವಾಗಿರಬೇಕೆಂದು ಮಕ್ಕಳು, ಬಾಳಿಕೆ ಬರಬೇಕೆಂದು ಹಿರಿಯರು ಬಯಸುತ್ತಾರೆ. ಇಬ್ಬರೂ ಆಪಲ್ ಸಂಸ್ಥೆಯ ಅನುಭವವನ್ನು ಗಮನಿಸುವುದು ಲೇಸು.

ಆ ಸಂಸ್ಥೆಯು 2015ರಲ್ಲಿ ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕದ ಮ್ಯಾಕ್‌ಬುಕ್ಕನ್ನು ಹೊರತಂದಿತು. ತೆಳುವಾಗಿಸುವುದಕ್ಕಾಗಿ ಕೀಲಿಮಣೆಯ ರಚನೆಯನ್ನೇ ಬದಲಿಸಿತು. ಚಾರ್ಜಿಂಗಿಗೂ ಪೆನ್‌ಡ್ರೈವಿಗೂ ಒಂದೇ ಯುಎಸ್‌ಬಿ-ಸಿ ಪೋರ್ಟ್ ಉಳಿಸಿತು. ಧೂಳಿನ ಕಣ ಸೇರಿದರೂ ಕೀಲಿಗಳು ಕೆಡುತ್ತವೆಂಬ ದೂರುಗಳು ಹೆಚ್ಚಿದವು. 2018ರಲ್ಲಿ ಉಚಿತ ದುರಸ್ತಿಯ ಯೋಜನೆಯನ್ನು ಸಾರಬೇಕಾಯಿತು. 2019ರ ಕೊನೆಗೆ ಹಳೆಯ ಬಗೆಯ ಕೀಲಿಮಣೆ ಮರಳತೊಡಗಿತು. 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಕೈಬಿಟ್ಟಿದ್ದ ಎಚ್‌ಡಿಎಂಐ ಪೋರ್ಟ್ ಹಾಗೂ ಮೆಮೊರಿ ಕಾರ್ಡಿನ ಸ್ಥಾನ 2021ರಲ್ಲಿ ಮತ್ತೆ ಬಂದವು.

ತೆಳುವಾಗಿರುವುದೇ ದೋಷವೆಂದು ನಾವು ಹೇಳುತ್ತಿಲ್ಲ. ನಿತ್ಯವೂ ಬಸ್ಸಿನಲ್ಲಿ ಹೊತ್ತೊಯ್ಯುವ ವಿದ್ಯಾರ್ಥಿಗೆ ಹಗುರವಾದುದೇ ಅನುಕೂಲ. ಆದರೆ ಅದಕ್ಕಾಗಿ ಏನನ್ನು ಬಿಟ್ಟುಕೊಡುತ್ತಿದ್ದೇವೆಂಬುದು ತಿಳಿದಿರಬೇಕು. ಅನೇಕ ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಒಳಗಿನ ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ಮೇಲೆ ಅದನ್ನು ಹೆಚ್ಚಿಸಲಾಗದು. ಓದು ಮುಗಿಯುವವರೆಗೆ ಸಾಲುವಷ್ಟನ್ನು ಮೊದಲೇ ಕೊಳ್ಳಬೇಕಾಗುತ್ತದೆ.

ಆದ್ದರಿಂದ ಬಂಧುಗಳೇ, ಅಂಗಡಿಯಲ್ಲಿ ಬಣ್ಣ, ಹೊಳಪುಗಳಿಗೆ ಮನಸೋಲುವ ಮುನ್ನ ನಾಲ್ಕು ಸಾಲು ಟೈಪ್ ಮಾಡಿ ನೋಡಿರಿ. ಮೆಮೊರಿ ಹೆಚ್ಚಿಸಬಹುದೇ, ಬ್ಯಾಟರಿ ಬದಲಿಸಲು ಎಷ್ಟು ತಗಲುತ್ತದೆ, ನಿಮ್ಮೂರಿನ ಸಮೀಪದಲ್ಲಿ ದುರಸ್ತಿಯಾಗುತ್ತದೆಯೇ ಎಂದು ಕೇಳಿರಿ. ಅಂಗಡಿಗೆ ಮಗ ಅಥವಾ ಮಗಳನ್ನೂ ಜೊತೆಗೆ ಕರೆದೊಯ್ಯಿರಿ. ಕಾಯಕದಿಂದ ಗಳಿಸಿದ ಹಣವನ್ನು ಹೇಗೆ ವಿನಿಯೋಗಿಸಬೇಕೆಂಬ ಪಾಠವೂ ಅಲ್ಲಿಯೇ ಆದೀತು.